ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ: ಮೇಷ್ಟ್ರ ಪಾಠ, ಕನ್ನಡದ ಹೆಸರು, ವಾಟ್ಸಾಪ್ ಎಲ್ಲಾ ಜೊತೆಗೆ ಬರುತ್ತಾ?

ಪ್ರಶ್ನೆ: ಒಂಬತ್ತು ವರ್ಷದಿಂದ ಆಂಡ್ರಾಯ್ಡ್ ಫೋನೇ ಬಳಸ್ತಿದೀನಿ. ಮಧ್ಯೆ ಎರಡು ಮೂರು ಸಲ ಫೋನ್ ಬದಲಾಯಿಸಿದಾಗ ಎಲ್ಲಾ ತಾನಾಗೇ ಬಂತು. ಈಗಿರೋ ಫೋನ್‌ಗೆ ಅಪ್‌ಡೇಟ್ ನಿಂತಿದೆ, ಐಫೋನ್ ತಗೊಳ್ಳೋಣ ಅಂತಿದೀನಿ. ನನ್ನ ಭಯ ಏನಂದ್ರೆ, ಸಂಗೀತದ ಮೇಷ್ಟ್ರು ಆರು ವರ್ಷ ಹೇಳಿಕೊಟ್ಟ ಪಾಠಗಳು ಕೆಲವು ರೆಕಾರ್ಡರ್ ಆಪ್‌ನಲ್ಲಿವೆ, ಕೆಲವು ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿವೆ, ಅವರೀಗ ಪಾಠ ಹೇಳೋದು ನಿಲ್ಲಿಸಿದಾರೆ. ಕಾಂಟ್ಯಾಕ್ಟ್ ಹೆಸರೆಲ್ಲ ಕನ್ನಡದಲ್ಲಿ ಸೇವ್ ಮಾಡಿದೀನಿ. ಏನೂ ಕಳ್ಕೊಳ್ಳದೆ ಹೋಗೋದು ಹೇಗೆ?

ಉತ್ತರ: ಅಪ್‌ಡೇಟ್ ನಿಂತಿದೆ ಅನ್ನೋದೊಂದೇ ಕಾರಣ ಆದ್ರೆ ಪ್ಲಾಟ್‌ಫಾರ್ಮೇ ಬದಲಾಯಿಸಬೇಕಾಗಿಲ್ಲ ನೋಡಿ. ಗೂಗಲ್‌ನವರು 2023ರಲ್ಲಿ ಪಿಕ್ಸೆಲ್ 8 ಬಿಟ್ಟಾಗ, ಸ್ಯಾಮ್‌ಸಂಗ್‌ನವರು 2024ರಲ್ಲಿ ಗ್ಯಾಲಕ್ಸಿ ಎಸ್24 ಬಿಟ್ಟಾಗ, ಆ ಫೋನ್‌ಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಿದಾರೆ, ಹಾಗಾಗಿ ಆಂಡ್ರಾಯ್ಡಲ್ಲೇ ಉಳಿದ್ರೂ ಆ ತೊಂದರೆ ಈಗ ಮೊದಲಿನಷ್ಟಿಲ್ಲ. ಬೇರೆ ಕಾರಣ ಇದ್ರೆ, ಸ್ನೇಹಿತರ ಐಫೋನ್ ಹಿಡಿದು ನೋಡಿ ಇಷ್ಟ ಆಗಿದೆ ಅಂತಲೋ, ಮನೆಯಲ್ಲಿ ಎಲ್ಲರ ಹತ್ರ ಅದೇ ಇದೆ ಅಂತಲೋ ಆದ್ರೆ, ಖಂಡಿತ ಹೋಗಿ. ಆದ್ರೆ ದುಡ್ಡು ಕೊಡೋಕೆ ಮುಂಚೆ ಯಾರದ್ದಾದ್ರೂ ಐಫೋನ್ ಒಂದರ್ಧ ಗಂಟೆ ಇಸ್ಕೊಂಡು ಅದರಲ್ಲಿ ಕನ್ನಡದಲ್ಲಿ ಉದ್ದವಾಗಿ ಏನಾದ್ರೂ ಟೈಪ್ ಮಾಡಿ ನೋಡಿ. ಒತ್ತಕ್ಷರ ಹೇಗೆ ಬರುತ್ತೆ, ತಪ್ಪಾದ್ರೆ ಅಳಿಸೋದು ಹೇಗೆ, ನಿಮಗೆ ಅಭ್ಯಾಸ ಇರೋ ಕೀಬೋರ್ಡ್ ಲೇಔಟ್ ಇದೆಯಾ ಅಂತ. ದಿನಾ ಕನ್ನಡದಲ್ಲಿ ಬರೆಯೋರಿಗೆ ಕ್ಯಾಮೆರಾಗಿಂತ ಇದು ಮುಖ್ಯ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಭಯದ ವಿಷಯ. ಇಷ್ಟು ದಿನ ಎಲ್ಲಾ ತಾನಾಗೇ ಬಂತು ಅಂದ್ರಲ್ಲ, ಅದು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗಿದ್ದಕ್ಕೆ. ಒಂದೇ ಮನೆಯಲ್ಲಿ ರೂಮು ಬದಲಾಯಿಸಿದ ಹಾಗೆ ಅದು. ಪ್ಲಾಟ್‌ಫಾರ್ಮ್ ದಾಟುವಾಗ ಏನಾಗುತ್ತೆ ಅಂತ ನಾನು ಕಲಿತಿದ್ದು ಸ್ಮಾರ್ಟ್‌ಫೋನ್ ಬರೋಕೂ ಮುಂಚೆ, ಪಾಮ್ ಕಾಲದಲ್ಲಿ, ಅದನ್ನ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಆವತ್ತು ಆಗಿದ್ದೇ ಇವತ್ತೂ ಆಗೋದು.

1996ರಲ್ಲಿ ಪೈಲಟ್ ಅಂತ ಬಂದು ಆಮೇಲೆ ಪಾಮ್ ಅಂತಲೇ ಹೆಸರಾದ ಆ ಅಂಗೈ ಕಂಪ್ಯೂಟರ್ ನನ್ನ ಹತ್ರ ವರ್ಷಗಟ್ಟಲೆ ಇತ್ತು. ಅದರ ಅಡ್ರೆಸ್ ಬುಕ್‌ನಲ್ಲಿ ಒಬ್ಬೊಬ್ಬರಿಗೂ ಐದು ನಂಬರ್ ಹಾಕೋ ಜಾಗ, ಪ್ರತಿಯೊಂದಕ್ಕೂ ಇದು ಮನೆ, ಇದು ಆಫೀಸು, ಇದು ಮೊಬೈಲು ಅಂತ ಲೇಬಲ್ ನಾವೇ ಆರಿಸಬಹುದಿತ್ತು. ಕೊನೇಲಿ ನಾಲ್ಕು ಖಾಲಿ ಕಾಲಂ, ಅದಕ್ಕೆ ಏನು ಬೇಕಾದ್ರೂ ಹೆಸರು ಕೊಡಬಹುದು. ಹುಟ್ಟಿದ ದಿನಕ್ಕೆ ಅಂತ ಆಗ ಬೇರೆ ಕಾಲಮ್ಮೇ ಇರಲಿಲ್ಲ, ಹಾಗಾಗಿ ಮೊದಲನೇ ಖಾಲಿ ಕಾಲಮ್ಮಲ್ಲಿ ಎಲ್ಲರ ಹುಟ್ಟಿದ ದಿನ ಬರೆದಿಟ್ಟಿದ್ದೆ. ಆಮೇಲೆ ವಿಂಡೋಸ್ ಹ್ಯಾಂಡ್‌ಹೆಲ್ಡ್‌ಗೆ ಹೋದಾಗ ಒಂದು ಕನ್ವರ್ಟರ್ ಹಾಕಿ ಎಲ್ಲಾ ಸಾಗಿಸಿದೆ, ಅದು ಇಷ್ಟು ಕಾಂಟ್ಯಾಕ್ಟ್ ಯಶಸ್ವಿಯಾಗಿ ಬಂತು ಅಂತ ಲೆಕ್ಕ ಸರಿಯಾಗೇ ತೋರಿಸ್ತು, ನಾನೂ ನಂಬಿ ಹಳೇದನ್ನ ಅಳಿಸಿದೆ. ಒಂದು ವಾರ ಆದ್ಮೇಲೆ ಒಬ್ಬರಿಗೆ ಫೋನ್ ಮಾಡೋಣ ಅಂತ ನೋಡಿದ್ರೆ ಅವರ ಮೊಬೈಲ್ ನಂಬರ್ ಫ್ಯಾಕ್ಸ್ ಜಾಗದಲ್ಲಿ ಕೂತಿದೆ. ಆ ಕನ್ವರ್ಟರ್ ಲೇಬಲ್ ನೋಡದೆ ಮೊದಲನೇ ನಂಬರ್ ಆಫೀಸಿಗೆ, ಎರಡನೇದು ಮನೆಗೆ, ಮೂರನೇದು ಫ್ಯಾಕ್ಸಿಗೆ ಅಂತ ಸಾಲಾಗಿ ಹಾಕ್ತಾ ಹೋಗಿತ್ತು. ಹುಟ್ಟಿದ ದಿನದ ಕಾಲಂ ಪೂರ್ತಿ ಬಿಟ್ಟೇಹೋಗಿತ್ತು. ಜನರ ಲೆಕ್ಕ ಮಾತ್ರ ಒಂದೂ ಕಮ್ಮಿ ಇಲ್ಲ.

ನಾನು ಹೇಳಬೇಕಾಗಿರೋದು ಇದೇ. ಈಚೆಯಿಂದ ಆಚೆಗೆ ಹೋಗುವಾಗ ಫೈಲು ಕಳೆದುಹೋಗೋದು ಅಪರೂಪ. ಕಳೆದುಹೋಗೋದು ಜೋಡಣೆ. ಯಾವ ನಂಬರ್ ಯಾವುದು, ಫೋಟೋ ಯಾವತ್ತಿಂದು, ರೆಕಾರ್ಡಿಂಗ್ ಯಾವ ಪಾಠದ್ದು, ಯಾವ ಮಾತು ಆದ್ಮೇಲೆ ಯಾವ ಮಾತು ಅನ್ನೋದು. ಸ್ಕ್ರೀನಲ್ಲಿ ಎಲ್ಲಾ ಬಂತು ಅಂತ ಹಸಿರು ಟಿಕ್ ಬಂದ್ರೂ ಇದು ಬಂದಿದೆಯಾ ಅಂತ ಅದಕ್ಕೆ ಗೊತ್ತಿರಲ್ಲ, ನಾವೇ ನೋಡ್ಕೋಬೇಕು.

ನಿಮ್ಮ ಮೇಷ್ಟ್ರ ಪಾಠದಿಂದಲೇ ಶುರು ಮಾಡಿ, ಹೊಸ ಫೋನ್ ಆರ್ಡರ್ ಮಾಡೋಕೂ ಮುಂಚೆ. ರೆಕಾರ್ಡರ್ ಆಪ್‌ಗಳಲ್ಲಿ ಎರಡು ಥರ ಇದೆ, ಕೆಲವು ಆಪ್‌ಗಳು ಫೋನಿನ ಮಾಮೂಲಿ ಫೋಲ್ಡರಲ್ಲಿ ಎಲ್ಲರಿಗೂ ಕಾಣೋ ಹಾಗೆ ಫೈಲ್ ಇಡ್ತವೆ, ಕೆಲವು ತಮ್ಮ ಒಳಗೇ ಬಚ್ಚಿಟ್ಟುಕೊಂಡಿರ್ತವೆ. ಫೈಲ್ ಮ್ಯಾನೇಜರ್ ತೆಗೆದು ರೆಕಾರ್ಡಿಂಗ್ಸ್ ಅಂತಲೋ ವಾಯ್ಸ್ ರೆಕಾರ್ಡರ್ ಅಂತಲೋ ಫೋಲ್ಡರ್ ಇದೆಯಾ ನೋಡಿ. ಇದ್ರೆ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಇಡೀ ಫೋಲ್ಡರ್ ಕಾಪಿ ಮಾಡ್ಕೊಳ್ಳಿ. ಇಲ್ಲದಿದ್ರೆ ಆಪ್ ಒಳಗಿಂದಲೇ ಎಲ್ಲಾ ಸೆಲೆಕ್ಟ್ ಮಾಡಿ ಶೇರ್ ಒತ್ತಿ ಗೂಗಲ್ ಡ್ರೈವ್‌ಗೆ ಕಳಿಸಬೇಕಾಗುತ್ತೆ, ಬೇಜಾರಿನ ಕೆಲಸ, ಆದ್ರೆ ಆ ಥರ ಒಳಗಿಟ್ಟುಕೊಂಡಿದ್ದನ್ನ ಯಾವ ಟ್ರಾನ್ಸ್‌ಫರ್ ಆಪ್ ಕೂಡ ತೆಗೆದು ತರೋದಿಲ್ಲ ಅಂತಲೇ ಇಟ್ಕೊಳ್ಳಿ.

ಕಾಪಿ ಮಾಡಿದ ತಕ್ಷಣ ಹೆಸರುಗಳನ್ನ ನೋಡಿ. ಆಪ್ ಒಳಗೆ ನೀವು ಚೆನ್ನಾಗಿ ಹೆಸರು ಕೊಟ್ಟಿರ್ತೀರಿ, ರಾಗ, ಕೀರ್ತನೆ, ಎಷ್ಟನೇ ಪಾಠ ಅಂತ, ಆದ್ರೆ ಕೆಲವು ಆಪ್‌ಗಳು ಆ ಹೆಸರನ್ನ ತಮ್ಮ ಡೇಟಾಬೇಸಲ್ಲಿ ಮಾತ್ರ ಬರ್ಕೊಂಡು ಫೈಲ್ ಹೆಸರನ್ನ ಬರೀ ನಂಬರ್ ಆಗಿ ಬಿಟ್ಟಿರ್ತವೆ. ಇನ್ನು ಫೈಲಿನ ತಾರೀಖು ಅಂತೂ ಕಾಪಿ ಮಾಡಿದ ದಿನಕ್ಕೆ ಬದಲಾಗಿಬಿಡೋದು ತುಂಬಾ ಸಾಮಾನ್ಯ, ಆರು ವರ್ಷದ ಪಾಠ ಎಲ್ಲಾ ಒಂದೇ ದಿನದ್ದು ಅಂತ ಕಾಣುತ್ತೆ, ಆಮೇಲೆ ಮೊದಲು ಹೇಳಿಕೊಟ್ಟಿದ್ದು ಯಾವುದು, ತಿದ್ದಿ ಹೇಳಿಕೊಟ್ಟಿದ್ದು ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಹಳೇ ಫೋನ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ಫೈಲಿಗೆ ಹೆಸರಿನ ಶುರುವಲ್ಲೇ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕಿಯಲ್ಲಿ ಹಾಕಿ, ಆಮೇಲೆ ಪಾಠದ ಹೆಸರು. ವರ್ಷ ಮೊದಲು ಬಂದ್ರೆ ಯಾವ ಕಂಪ್ಯೂಟರಲ್ಲಿ ಇಟ್ರೂ ಹಳೇದರಿಂದ ಹೊಸದಕ್ಕೆ ತಾನಾಗೇ ಸಾಲಾಗಿ ನಿಲ್ಲುತ್ತೆ. ಇನ್ನೂರು ಮುನ್ನೂರು ಫೈಲ್ ಇದ್ರೆ ಎರಡು ಮೂರು ಸಂಜೆ ಹಿಡಿಯುತ್ತೆ, ಆದ್ರೂ ಮಾಡಿ, ಹೆಸರಲ್ಲಿರೋ ತಾರೀಖನ್ನ ಯಾರೂ ಕಿತ್ಕೊಳ್ಳೋಕಾಗಲ್ಲ.

ವಾಟ್ಸಾಪ್‌ನ ವಾಯ್ಸ್ ಮೆಸೇಜ್‌ಗಳದ್ದು ಬೇರೆ ಕತೆ. ಫೈಲ್ ಮ್ಯಾನೇಜರಲ್ಲಿ ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಅಂತ ಹೋಗ್ತಾ ಹೋದ್ರೆ ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ ಸಿಗುತ್ತೆ, ಅದರಲ್ಲಿ ವಾರಕ್ಕೊಂದು ಫೋಲ್ಡರ್, ಹೆಸರು ವರ್ಷ ಮತ್ತೆ ವಾರದ ನಂಬರ್ ಸೇರಿಸಿ 202245 ಅನ್ನೋ ಥರ ಇರುತ್ತೆ. ಒಳಗಿರೋ ಫೈಲಿನ ಹೆಸರು ಪಿಟಿಟಿ ಅಂತ ಶುರುವಾಗಿ ತಾರೀಖು ಬರುತ್ತೆ, ಆದ್ರೆ ಕಳಿಸಿದ್ದು ಯಾರು ಅಂತ ಮಾತ್ರ ಅದರಲ್ಲಿ ಇರಲ್ಲ. ಅಂದ್ರೆ ಮೇಷ್ಟ್ರು ಕಳಿಸಿದ ಕಲ್ಪನಾಸ್ವರ, ನೀವು ಹಾಡಿ ತೋರಿಸಿದ್ದು, ಯಾರೋ ಬರ್ತೀನಿ ಅಂತ ಹೇಳಿದ್ದು ಎಲ್ಲಾ ಒಂದೇ ರಾಶಿ. ಅದಕ್ಕೆ ಆ ಫೋಲ್ಡರನ್ನೂ ಕಾಪಿ ಮಾಡ್ಕೊಳ್ಳಿ, ಜೊತೆಗೆ ಮೇಷ್ಟ್ರ ಚಾಟ್ ತೆಗೆದು ಎಕ್ಸ್‌ಪೋರ್ಟ್ ಚಾಟ್ ಅನ್ನೋದನ್ನ ಒತ್ತಿ. ಅದು ಇಡೀ ಮಾತುಕತೆಯನ್ನ ಒಂದು ಟೆಕ್ಸ್ಟ್ ಫೈಲ್ ಮಾಡಿ ಕೊಡುತ್ತೆ, ಯಾವತ್ತು ಎಷ್ಟು ಗಂಟೆಗೆ ಯಾರು ಏನಂದ್ರು ಅಂತ ಸಾಲುಸಾಲಾಗಿ, ಮೀಡಿಯಾ ಸೇರಿಸಿ ಅಂತ ಕೊಟ್ರೆ ವಾಯ್ಸ್ ಮೆಸೇಜ್ ಬಂದ ಜಾಗದಲ್ಲಿ ಆ ಫೈಲಿನ ಹೆಸರೂ ಇರುತ್ತೆ. ಮೀಡಿಯಾ ಸೇರಿಸಿದಾಗ ಎಷ್ಟು ಮೆಸೇಜ್ ಅನ್ನೋದಕ್ಕೆ ಒಂದು ಮಿತಿ ಇದೆ, ತುಂಬಾ ಹಳೇವು ಬಿಟ್ಟುಹೋಗಬಹುದು, ಅದಕ್ಕೇ ಫೋಲ್ಡರ್ ಕಾಪಿನೂ ಬೇಕು ಅಂದಿದ್ದು. ಈ ವಾಯ್ಸ್ ಫೈಲ್‌ಗಳು ಓಪಸ್ ಅನ್ನೋ ಫಾರ್ಮ್ಯಾಟಲ್ಲಿರ್ತವೆ, ಎಲ್ಲ ಪ್ಲೇಯರಲ್ಲೂ ಓಡಲ್ಲ, ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕ್ಕೊಳ್ಳಿ, ಅದು ಐಫೋನ್‌ಗೂ ಇದೆ, ಅದರಲ್ಲಿ ಓಡುತ್ತೆ.

ಇನ್ನು ವಾಟ್ಸಾಪನ್ನೇ ಐಫೋನ್‌ಗೆ ತರೋದು. ತುಂಬಾ ಜನ ಎಡವೋದು ಇಲ್ಲೇ. ಆಂಡ್ರಾಯ್ಡಲ್ಲಿ ನಿಮ್ಮ ವಾಟ್ಸಾಪ್ ಬ್ಯಾಕಪ್ ಗೂಗಲ್ ಅಕೌಂಟಲ್ಲಿರುತ್ತೆ, ಐಫೋನ್‌ನ ವಾಟ್ಸಾಪ್ ನೋಡೋದು ಆಪಲ್‌ನವರ ಆನ್‌ಲೈನ್ ಜಾಗವಾದ ಐಕ್ಲೌಡನ್ನ, ಗೂಗಲಲ್ಲಿರೋದನ್ನ ಅದು ಓದಲ್ಲ, ಹಾಗಾಗಿ ದಿನಾ ರಾತ್ರಿ ಬ್ಯಾಕಪ್ ಆಗ್ತಿದೆಯಲ್ಲ ಅಂತ ಧೈರ್ಯವಾಗಿದ್ರೆ ಪ್ರಯೋಜನ ಇಲ್ಲ. ದಾರಿ ಇರೋದು ಆಪಲ್‌ನವರ ಮೂವ್ ಟು ಐಓಎಸ್ ಅನ್ನೋ ಆಪ್ ಮೂಲಕ, ಆ ಆಪ್ 2015ರಿಂದ ಇದೆ, ವಾಟ್ಸಾಪ್ ಸಾಗಿಸೋದು ಅದಕ್ಕೆ ಸೇರಿದ್ದು 2022ರಲ್ಲಿ. ಐಫೋನ್ ಹೊಸದಾಗಿರಬೇಕು ಅಥವಾ ರೀಸೆಟ್ ಮಾಡಿರಬೇಕು, ಅಂದ್ರೆ ಮೊದಲನೇ ಸಲ ಆನ್ ಮಾಡಿ ಹಲೋ ಅಂತ ಬರುತ್ತಲ್ಲ, ಆ ಸೆಟಪ್ ನಡೀತಿರುವಾಗಲೇ ಇದನ್ನ ಮಾಡಬೇಕು. ಡಬ್ಬಿ ಬಿಚ್ಚಿದ ಖುಷಿಯಲ್ಲಿ ಸೆಟಪ್ ಮುಗಿಸಿ, ವಾಟ್ಸಾಪ್ ಹಾಕಿ, ನಂಬರ್ ಕೊಟ್ಟು ಒಳಗೆ ಹೋಗಿಬಿಟ್ರೆ ಖಾಲಿ ವಾಟ್ಸಾಪ್ ಸಿಗುತ್ತೆ, ಆಮೇಲೆ ಹಳೇ ಚಾಟ್ ಬೇಕು ಅಂದ್ರೆ ಐಫೋನನ್ನ ಮತ್ತೆ ರೀಸೆಟ್ ಮಾಡಿ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಮೊದಲ ದಿನ ಆತುರ ಬೇಡ.

ಮಾಡೋದು ಹೀಗೆ. ಎರಡೂ ಫೋನ್ ಚಾರ್ಜರ್‌ಗೆ ಹಾಕಿ ಪಕ್ಕಪಕ್ಕ ಇಡಿ. ಐಫೋನ್ ಸೆಟಪ್‌ನಲ್ಲಿ ಆಂಡ್ರಾಯ್ಡ್‌ನಿಂದ ತರ್ತೀನಿ ಅನ್ನೋದನ್ನ ಆರಿಸಿದ್ರೆ ಒಂದು ಕೋಡ್ ತೋರಿಸುತ್ತೆ, ಅದನ್ನ ಆಂಡ್ರಾಯ್ಡಲ್ಲಿ ಹಾಕಿದ್ರೆ ಎರಡರ ಮಧ್ಯೆ ಒಂದು ತಾತ್ಕಾಲಿಕ ವೈಫೈ ಏರ್ಪಡುತ್ತೆ. ಏನೇನು ಬೇಕು ಅಂತ ಕೇಳೋ ಪಟ್ಟಿಯಲ್ಲಿ ವಾಟ್ಸಾಪ್ ಟಿಕ್ ಮಾಡಿ, ಅದು ವಾಟ್ಸಾಪನ್ನ ತೆರೆದು ಡೇಟಾ ರೆಡಿ ಮಾಡ್ಕೊಳ್ಳುತ್ತೆ, ಹಳೇ ಫೋನಲ್ಲಿ ಸೈನ್ ಔಟ್ ಆಗುತ್ತೆ, ಗಾಬರಿ ಬೇಡ, ನೀವು ಅಳಿಸೋ ತನಕ ಅಲ್ಲಿರೋದು ಅಲ್ಲೇ ಇರುತ್ತೆ. ಸಾಗಾಟ ನಡೀವಾಗ ಆಂಡ್ರಾಯ್ಡ್ ಫೋನನ್ನ ಮುಟ್ಟಲೇಬೇಡಿ, ಬೇರೆ ಆಪ್‌ಗೆ ಹೋದ್ರೆ, ಮಧ್ಯೆ ಕಾಲ್ ಬಂದ್ರೆ ಅರ್ಧಕ್ಕೇ ನಿಂತುಬಿಡಬಹುದು. ಪದೇಪದೇ ನಿಲ್ತಿದೆ ಅಂದ್ರೆ ಆಂಡ್ರಾಯ್ಡಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ ಇನ್ನೊಂದ್ಸಲ ನೋಡಿ. ವರ್ಷಗಟ್ಟಲೆ ಚಾಟ್ ಇದ್ರೆ ಗಂಟೆಗಟ್ಟಲೆ ಆಗುತ್ತೆ, ಐಫೋನ್ ಕಡೆ ಗೆರೆ ತುಂಬೋ ತನಕ ಕಾಯಬೇಕು, ಆಂಡ್ರಾಯ್ಡ್ ಮುಗೀತು ಅಂತ ಹೇಳಿದ್ರೂ. ಆಮೇಲೆ ಐಫೋನಲ್ಲಿ ವಾಟ್ಸಾಪ್ ತೆರೆದು ಅದೇ ನಂಬರ್ ಕೊಡಿ, ಬೇರೆ ನಂಬರ್ ಕೊಟ್ರೆ ಬರಲ್ಲ. ಚಾಟ್, ಫೋಟೋ, ವಾಯ್ಸ್ ಮೆಸೇಜ್ ಬರ್ತವೆ, ಕಾಲ್ ಹಿಸ್ಟರಿ ಬರಲ್ಲ.

ಕನ್ನಡದ ಹೆಸರುಗಳ ಬಗ್ಗೆ ನೀವು ಕೇಳಿದ್ದು ತುಂಬಾ ಒಳ್ಳೇದಾಯ್ತು. ಫೋನಿನ ಕಾಂಟ್ಯಾಕ್ಟ್ಸ್ ಆಪಿಂದ ಎಕ್ಸ್‌ಪೋರ್ಟ್ ಮಾಡಿದ್ರೆ ಬರೋ ವಿಕಾರ್ಡ್ ಅನ್ನೋ, ಕಾಂಟ್ಯಾಕ್ಟ್‌ಗಳನ್ನ ಬರೆದಿಡೋ ಫೈಲನ್ನ ಕಂಪ್ಯೂಟರಲ್ಲಿ ನೋಟ್‌ಪ್ಯಾಡ್ ಹಾಕಿ ಬಿಚ್ಚಿ ನೋಡಿ, ಎಷ್ಟೋ ಫೋನ್‌ಗಳಲ್ಲಿ ಅದು 2.1 ಅನ್ನೋ ಹಳೇ ಆವೃತ್ತಿ. ಅದರಲ್ಲಿ ಇಂಗ್ಲಿಷ್ ಹೆಸರು ಹಾಗೇ ಇರುತ್ತೆ, ಕನ್ನಡದ ಹೆಸರಿದ್ದ ಕಡೆ ಬರೀ ಸಮ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಮಾಲೆ ಕಾಣುತ್ತೆ. ಯಾಕಂದ್ರೆ ಕನ್ನಡದ ಒಂದು ಅಕ್ಷರ ಚಿಹ್ನೆಗೆ ಕಂಪ್ಯೂಟರಲ್ಲಿ ಮೂರು ಬೈಟು ಜಾಗ ಬೇಕು, ಒಂದೊಂದು ಬೈಟನ್ನೂ ಅಲ್ಲಿ ಮೂರು ಚಿಹ್ನೆ ಮಾಡಿ ಬರೀತಾರೆ, ಹಾಗಾಗಿ ಕ ಅನ್ನೋದೊಂದೇ ಒಂಬತ್ತು ಚಿಹ್ನೆ. ಕಮಲಮ್ಮ ಅಂತ ಬರೆದ್ರೆ ಒತ್ತು ಸೇರಿ ಆರು ಅಕ್ಷರ ಚಿಹ್ನೆ, ಅಲ್ಲಿ 54. ಒಂದು ಸಾಲಿಗೆ 76 ಚಿಹ್ನೆ ಮಾತ್ರ ಅನ್ನೋ ನಿಯಮ ಇದೆ, ಹಾಗಾಗಿ ಕಮಲಮ್ಮ ಅನ್ನೋದರ ಜೊತೆ ಟೀಚರ್ ಅಂತ ಸೇರಿಸಿದ್ರೂ ಸಾಲು ಮುರಿದು ಕೆಳಗೆ ಹೋಗುತ್ತೆ. ಆ ಮುರಿದ ಸಾಲನ್ನ ಸರಿಯಾಗಿ ಕೂಡಿಸಿ ಓದೋಕೆ ಬರದಿರೋ ಸಾಫ್ಟ್‌ವೇರ್ ಸಿಕ್ಕಿದ್ರೆ ಚಿಕ್ಕ ಹೆಸರುಗಳು ಸರಿಯಾಗಿ ಬಂದು ಉದ್ದದವು ಮಾತ್ರ ಕೆಡ್ತವೆ. ಮೇಲಿನ ನಾಲ್ಕು ಹೆಸರು ನೋಡಿ ಸರಿ ಇದೆ ಅಂದ್ಕೊಂಡು ಬಿಟ್ರೆ ಗೊತ್ತೇ ಆಗಲ್ಲ.

ಇದೆಲ್ಲ ರಗಳೆನೇ ಬೇಡ ಅಂದ್ರೆ ಕಾಂಟ್ಯಾಕ್ಟ್‌ಗಳನ್ನ ಫೈಲ್ ಮಾಡಿ ಸಾಗಿಸಲೇಬೇಡಿ. ಮೊದಲು ಅವು ಎಲ್ಲಿವೆ ಅಂತ ನೋಡಿ, ಕಾಂಟ್ಯಾಕ್ಟ್ಸ್ ಆಪಲ್ಲಿ ಅಕೌಂಟ್ ಪ್ರಕಾರ ತೋರಿಸೋ ಫಿಲ್ಟರ್ ಇರುತ್ತೆ, ಗೂಗಲ್ ಅಕೌಂಟಲ್ಲಿ ಎಷ್ಟು, ಫೋನಲ್ಲಿ ಎಷ್ಟು, ಸಿಮ್ಮಲ್ಲಿ ಎಷ್ಟು ಅಂತ. ಒಂಬತ್ತು ವರ್ಷ ಬಳಸಿದೀರಿ ಅಂದ್ರೆ ಮೂರೂ ಕಡೆ ಹಂಚಿಹೋಗಿರೋ ಸಾಧ್ಯತೆನೇ ಹೆಚ್ಚು. ಎಲ್ಲವನ್ನೂ ಗೂಗಲ್ ಅಕೌಂಟ್‌ಗೆ ಸೇರಿಸಿ, ಕಂಪ್ಯೂಟರಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಹೆಸರುಗಳನ್ನ ಕಣ್ಣಾಡಿಸಿ, ಆಮೇಲೆ ಐಫೋನ್ ಸೆಟ್ಟಿಂಗ್ಸಲ್ಲಿ ಕಾಂಟ್ಯಾಕ್ಟ್ಸ್‌ಗೆ ಅದೇ ಗೂಗಲ್ ಅಕೌಂಟ್ ಸೇರಿಸಿದ್ರೆ ಹೆಸರು, ಲೇಬಲ್ಲು ಎಲ್ಲಾ ಅಲ್ಲಿಂದ ನೇರವಾಗಿ ಬರುತ್ತೆ. ಅಲ್ಲೇ ಡೀಫಾಲ್ಟ್ ಅಕೌಂಟ್ ಅಂತ ಇರೋದನ್ನೂ ಗೂಗಲ್‌ಗೇ ಇಡಿ, ಇಲ್ಲಾಂದ್ರೆ ಇನ್ಮೇಲೆ ಸೇರಿಸೋ ಹೊಸಬರು ಐಕ್ಲೌಡಲ್ಲಿ, ಹಳಬರು ಗೂಗಲಲ್ಲಿ ಅಂತ ಮತ್ತೆ ಎರಡು ಪಾಲಾಗುತ್ತೆ. ಕೈಯಲ್ಲೊಂದು ಕಾಪಿ ಇರಲಿ ಅಂದ್ರೆ ಕಂಪ್ಯೂಟರಿನ ಗೂಗಲ್ ಕಾಂಟ್ಯಾಕ್ಟ್ಸ್‌ನಿಂದ ತೆಗೆದ ವಿಕಾರ್ಡ್ ಇಟ್ಕೊಳ್ಳಿ, ಅದು 3.0, ಅದರಲ್ಲಿ ಕನ್ನಡ ಕನ್ನಡವಾಗೇ ಕಾಣುತ್ತೆ.

ಫೋಟೋದ್ದು ಅಷ್ಟು ಕಷ್ಟ ಇಲ್ಲ. ಗೂಗಲ್ ಫೋಟೋಸ್ ಬಳಸ್ತಿದ್ರೆ ಅದೇ ಆಪ್ ಐಫೋನಲ್ಲೂ ಇದೆ, ಲಾಗಿನ್ ಆದ್ರೆ ಮುಗೀತು. ಐಕ್ಲೌಡಲ್ಲಿ ಉಚಿತವಾಗಿ ಸಿಗೋದು 5 ಜಿಬಿ, ಗೂಗಲಲ್ಲಿ 15 ಜಿಬಿ, ಹಾಗಾಗಿ ಎಲ್ಲಾ ಐಕ್ಲೌಡ್‌ಗೆ ಸುರಿಯೋಕೆ ಹೋಗಬೇಡಿ. ಒಂದೇ ಎಚ್ಚರಿಕೆ, ವಾಟ್ಸಾಪಲ್ಲಿ ನಿಮಗೆ ನೀವೇ ಫೋಟೋ ಕಳಿಸ್ಕೊಂಡು ಸಾಗಿಸೋ ಕೆಲಸ ಮಾತ್ರ ಮಾಡಬೇಡಿ. ಫೋಟೋ ಒಳಗೆ ತೆಗೆದ ದಿನ, ಜಾಗ ಎಲ್ಲಾ ಬರೆದಿರುತ್ತೆ, ವಾಟ್ಸಾಪ್ ಫೋಟೋ ಚಿಕ್ಕದು ಮಾಡುವಾಗ ಅದನ್ನೂ ತೆಗೆದುಹಾಕುತ್ತೆ, ಐದು ವರ್ಷ ಹಿಂದಿನ ಫೋಟೋ ನಿನ್ನೆ ತೆಗೆದಿದ್ದು ಅಂತ ಗ್ಯಾಲರಿಯಲ್ಲಿ ಕೂರುತ್ತೆ.

ದುಡ್ಡು ಕೊಟ್ಟು ತಗೊಂಡ ಆಪ್‌ಗಳು ಬರಲ್ಲ, ಮತ್ತೆ ಕೊಳ್ಳಬೇಕು. ಪ್ಲೇ ಸ್ಟೋರ್ ಮೂಲಕ ಕಟ್ತಿರೋ ಚಂದಾ ಇದ್ರೆ ಅಲ್ಲೇ ಹೋಗಿ ನಿಲ್ಲಿಸಿ, ಆಪ್ ಡಿಲೀಟ್ ಮಾಡಿದ್ರೆ ಚಂದಾ ನಿಲ್ಲಲ್ಲ. ಬ್ಯಾಂಕ್ ಆಪ್‌ಗಳು ಸಾಮಾನ್ಯವಾಗಿ ಫೋನಿಗೆ ಕಟ್ಟುಬಿದ್ದಿರ್ತವೆ, ಹೊಸ ಫೋನಲ್ಲಿ ಹೊಸದಾಗಿ ರಿಜಿಸ್ಟರ್ ಆಗಬೇಕು. ಕೈಗಡಿಯಾರ ಇದ್ರೆ ಅದನ್ನೂ ನೋಡ್ಕೊಳ್ಳಿ, ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನ್ ಜೊತೆ ಕೆಲಸ ಮಾಡಲ್ಲ.

ಆದ್ರೆ ಒಂದು ವಿಷಯದಲ್ಲಿ ನಿಂತು ಹೇಳ್ತೀನಿ, ಲಾಗಿನ್ ಆಗುವಾಗ ಆರಂಕಿ ಕೋಡ್ ಕೊಡೋ ಆಥೆಂಟಿಕೇಟರ್ ಆಪ್. ನಾನು ಒಂದ್ಸಲ ಹಳೇ ಫೋನ್ ರೀಸೆಟ್ ಮಾಡಿ ಎತ್ತಿಟ್ಟು, ಆಮೇಲೆ ಒಂದು ಮುಖ್ಯವಾದ ಅಕೌಂಟ್‌ಗೆ ಕೋಡ್ ಕೇಳಿದಾಗ ಗೊತ್ತಾಯ್ತು ಅದು ಆ ಫೋನಿನೊಳಗೇ ಇತ್ತು ಅಂತ. ನಾನೇ ನಾನು ಅಂತ ಸಾಬೀತು ಮಾಡೋಕೆ ದಿನಗಟ್ಟಲೆ ಮೇಲ್ ಬರೆದು ಕಾದಿದೀನಿ, ಆ ದಿನಗಳು ಯಾರಿಗೂ ಬೇಡ. ಗೂಗಲ್ ಆಥೆಂಟಿಕೇಟರ್ ಆದ್ರೆ ಅದರಲ್ಲೇ ಅಕೌಂಟ್ ಟ್ರಾನ್ಸ್‌ಫರ್ ಅಂತ ಇದೆ, ಹಳೇ ಫೋನಲ್ಲಿ ಕ್ಯೂಆರ್ ಕೋಡ್ ಬರುತ್ತೆ, ಹೊಸದರಲ್ಲಿ ಸ್ಕ್ಯಾನ್ ಮಾಡಿದ್ರೆ ಆಯ್ತು. ಬೇರೆ ಕೆಲವು ಆಪ್‌ಗಳ ಬ್ಯಾಕಪ್ ಆಂಡ್ರಾಯ್ಡ್‌ದು ಐಫೋನಲ್ಲಿ ತೆರೆಯಲ್ಲ, ಅಂಥದ್ದಾದ್ರೆ ಒಂದೊಂದೇ ಅಕೌಂಟ್‌ಗೆ ಹೋಗಿ ಹೊಸ ಫೋನನ್ನ ಸೇರಿಸಬೇಕು, ಹಳೇ ಫೋನ್ ಜೀವಂತ ಇರುವಾಗಲೇ. ಬ್ಯಾಕಪ್ ಕೋಡ್‌ಗಳನ್ನ ಕಾಗದದ ಮೇಲೆ ಬರೆದಿಟ್ಕೊಳ್ಳಿ.

ಮೊದಲ ಎರಡು ಮೂರು ವಾರ ಬೆರಳು ತಪ್ಪು ಜಾಗಕ್ಕೇ ಹೋಗುತ್ತೆ, ಮುಖ್ಯವಾಗಿ ಹಿಂದಕ್ಕೆ ಹೋಗೋದಕ್ಕೆ, ಐಫೋನಲ್ಲಿ ಎಡ ಅಂಚಿಂದ ಎಳೀಬೇಕು, ಆಂಡ್ರಾಯ್ಡಿನ ಹಾಗೆ ಎಲ್ಲಾ ಕಡೆ ಕೆಲಸ ಮಾಡೋ ಬ್ಯಾಕ್ ಬಟನ್ ಇಲ್ಲ. ಪಾಮಲ್ಲಿ ಬರೆಯೋಕೆ ಗ್ರಾಫಿಟಿ ಅಂತ ಒಂದು ಲಿಪಿ ಇತ್ತು, ಇಂಗ್ಲಿಷಿನ ಎ ಅಕ್ಷರಕ್ಕೆ ನಡುಗೆರೆ ಹಾಕೋ ಹಾಗಿಲ್ಲ, ಒಂದೇ ಎಳೆತದಲ್ಲಿ ಬರೀಬೇಕು. ಅದನ್ನ ಬಿಟ್ಟು ಎಷ್ಟೋ ತಿಂಗಳಾದ್ಮೇಲೂ ಕಾಗದದ ಮೇಲೆ ನನ್ನ ಕೈ ನಡುಗೆರೆ ಇಲ್ಲದ ಎ ಬರೀತಿತ್ತು. ಅಷ್ಟರಲ್ಲೇ ಹೊಸ ಫೋನ್ ಸರಿ ಇಲ್ಲ ಅಂತ ತೀರ್ಮಾನ ಮಾಡಬೇಡಿ, ಕೈಗೆ ಸಮಯ ಕೊಡಿ.

ಹಳೇ ಫೋನನ್ನ ಒಂದು ತಿಂಗಳಾದ್ರೂ ಹಾಗೇ ಇಟ್ಕೊಳ್ಳಿ, ಸಿಮ್ ತೆಗೆದು ವೈಫೈ ಮೇಲೆ. ಆ ತಿಂಗಳಲ್ಲಿ ಏನಾದ್ರೂ ಹುಡುಕೋಕೆ ಅದನ್ನ ಕೈಗೆತ್ತಿಕೊಂಡ್ರೆ ಅದನ್ನೊಂದು ಚೀಟಿಯಲ್ಲಿ ಬರೆದಿಡಿ, ಅದೇ ಇನ್ನೂ ಬರದೇ ಇರೋದು. ತಿಂಗಳು ಕಳೆದ ಮೇಲೆ ಕೊಡೋದಾದ್ರೆ ಮೊದಲು ಸೆಟ್ಟಿಂಗ್ಸಲ್ಲಿ ಗೂಗಲ್ ಅಕೌಂಟ್ ತೆಗೆದು ಆಮೇಲೆ ರೀಸೆಟ್ ಮಾಡಿ, ಇಲ್ಲಾಂದ್ರೆ ತಗೊಂಡವರಿಗೆ ನಿಮ್ಮ ಪಾಸ್‌ವರ್ಡ್ ಕೇಳಿ ಫೋನ್ ಲಾಕ್ ಆಗಿ ಕೂರಬಹುದು.

ಅದಕ್ಕೂ ಮುಂಚೆ ಒಂದು ಕೆಲಸ. ಮೇಷ್ಟ್ರ ಪಾಠಗಳು ಕಂಪ್ಯೂಟರಲ್ಲೊಂದು, ಬೇರೆ ಹಾರ್ಡ್‌ಡಿಸ್ಕಲ್ಲೋ ಡ್ರೈವಲ್ಲೋ ಇನ್ನೊಂದು ಕಾಪಿ ಇರಲಿ, ಮತ್ತೆ ಐಫೋನಿನ ಫೈಲ್ಸ್ ಆಪಲ್ಲಿ ಕೇಳೋಕೆ ಅಂತ ಒಂದು. ಮೂರು ಕಡೆಯೂ ಒಂದು ಹಳೇ ಪಾಠ, ಒಂದು ನಡುವಿನದು, ಒಂದು ಕೊನೇದು ತೆಗೆದು ಶುರುವಿನ ಎರಡು ಸೆಕೆಂಡ್ ಕೇಳಿ ಬಿಡದೆ ಪೂರ್ತಿ ಕೇಳಿ, ಅರ್ಧ ಕಾಪಿಯಾದ ಫೈಲು ಶುರುವಲ್ಲಿ ಚೆನ್ನಾಗೇ ಹಾಡುತ್ತೆ. ಕೊನೇ ಸ್ವರದ ತನಕ ಬಂದ್ರೆ ಆಗ ಹಳೇ ಫೋನ್ ಅಳಿಸಿ.